ಮೇಣದೊಳಗೆ ಎಳ್ಳಿನಷ್ಟು

ಮಿರಜಿನ ಒಂದು ಖಾಸಗಿ ಕ್ಯಾನ್ಸರ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹನ್ನೊಂದು ಕಬ್ಬಿಣದ ಕಪಾಟುಗಳಿವೆ. ಒಂದೊಂದರಲ್ಲೂ ನಲವತ್ತು ಸಣ್ಣ ಡ್ರಾಯರು. ಡ್ರಾಯರಿನೊಳಗೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಮೇಣದ ತುಂಡುಗಳು ಸಾಲಾಗಿ ನಿಂತಿವೆ, ಪ್ರತಿ ತುಂಡಿನ ನಡುವೆ ಯಾರದೋ ಮೈಯ ಒಂದು ಚೂರು. ಲ್ಯಾಬಿನವರು ಇವನ್ನು ಬ್ಲಾಕ್ ಅನ್ನುತ್ತಾರೆ. ದೇಹದಿಂದ ತೆಗೆದ ಮಾಂಸದ ಚೂರನ್ನು ಕರಗಿದ ಮೇಣದಲ್ಲಿ ಕೂರಿಸಿ ಆರಿಸಿದರೆ ಅದು ಕೆಡುವುದಿಲ್ಲ. ಮನುಷ್ಯ ಹೋದ ಮೇಲೂ ಹಾಗೇ ಇರುತ್ತದೆ. ಹತ್ತು ವರ್ಷ ಇಡಬೇಕೆಂಬುದು ಅಲ್ಲಿನ ಪದ್ಧತಿ.

ಈ ಕಪಾಟುಗಳ ಕೀಲಿಕೈ ಇಪ್ಪತ್ತೆರಡು ವರ್ಷಗಳಿಂದ ಕಾಂಚನಬಾಯಿಯವರ ಬಳಿ ಇದೆ. ಅವರಿಗೆ ಐವತ್ಮೂರು ವರ್ಷ. ಸಾಂಗ್ಲಿಯಿಂದ ಬೆಳಿಗ್ಗೆ ಎಂಟೂವರೆಯ ಸಿಟಿ ಬಸ್ಸಿಗೆ ಬರುತ್ತಾರೆ. ಬ್ಲಾಕನ್ನು ಕೊಯ್ಯುವುದು ಅವರ ಕೆಲಸ. ಕೈಯಿಂದ ಚಕ್ರ ತಿರುಗಿಸುವ ಯಂತ್ರವೊಂದಿದೆ. ತಿರುಗಿಸಿದಂತೆ ಬ್ಲೇಡಿನ ಮೇಲೆ ಮೇಣದ ಪೊರೆ ರಿಬ್ಬನ್ನಿನ ಹಾಗೆ ಇಳಿಯುತ್ತದೆ. ತಲೆಗೂದಲಿನ ದಪ್ಪದೊಳಗೆ ಇಪ್ಪತ್ತು ಪೊರೆ ಕೂರಬಹುದು, ಅಷ್ಟು ತೆಳು. ಅದನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು ಗಾಜಿನ ಪಟ್ಟಿಯ ಮೇಲೆ ಎತ್ತಿಕೊಂಡರೆ, ಬಣ್ಣ ಹಾಕಿ ಡಾಕ್ಟರರು ನೋಡುತ್ತಾರೆ. ಕೊಯ್ಯುವ ಮೊದಲು ಬ್ಲಾಕನ್ನು ಮಂಜುಗಡ್ಡೆಯ ಮೇಲೆ ತಣಿಸಬೇಕು. ತೀರ ತಣ್ಣಗಾಗಿ ಬಿರಿಯುವಂತಿದ್ದರೆ ಬಾಯಿಯ ಹತ್ತಿರ ಹಿಡಿದು ಒಂದು ಉಸಿರು ಬಿಡುತ್ತಾರೆ, ಮೇಣ ಹದಕ್ಕೆ ಬರುತ್ತದೆ. ಯಾವ ಪಠ್ಯದಿಂದಲೂ ಕಲಿತದ್ದಲ್ಲ. ಕೈ ಪಳಗಿದವರೆಲ್ಲ ಮಾಡುತ್ತಾರೆ.

ಏಳನೆಯ ಕಪಾಟಿನ ಮೂರನೆಯ ಸಾಲಿನಲ್ಲಿ ಅವರ ಗಂಡನ ಬ್ಲಾಕ್ ಇತ್ತು.

ಮಹಾಲಿಂಗಪ್ಪನವರಿಗೆ ಸಾಂಗ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಷಿಣದ ಅಡತಿ ಅಂಗಡಿ. ಚೀಲದೊಳಗೆ ಕೈ ಹಾಕಿ ಒಂದು ಕೊಂಬು ತೆಗೆದು, ಎರಡು ಬೆರಳಲ್ಲಿ ಲಟಕ್ಕೆಂದು ಮುರಿದು ಒಳಗಿನ ಬಣ್ಣ ನೋಡಿ, ಮಾಲು ಎಂಥದೆಂದು ಹೇಳುತ್ತಿದ್ದರು. ಮನೆಯಲ್ಲಿ ಕನ್ನಡ, ಯಾರ್ಡಿನಲ್ಲಿ ಮರಾಠಿ. ಮಾತು ಕಡಿಮೆ.

ಎರಡು ಸಾವಿರದ ಹದಿನೇಳರ ಶ್ರಾವಣದಲ್ಲಿ ಅವರು ಒಂದು ಹೊತ್ತು ಬಿಟ್ಟರು. ಲಿಂಗಾಯತರ ಮನೆಗಳಲ್ಲಿ ಶ್ರಾವಣದಲ್ಲಿ ಒಂದೇ ಊಟ ಮಾಡುವವರು ಬಹಳ ಮಂದಿ, ಯಾರೂ ಪ್ರಶ್ನಿಸಲಿಲ್ಲ. ಆ ಒಂದು ಊಟದಲ್ಲೂ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುತ್ತಿದ್ದರು. ತುತ್ತಿಗೊಂದು ಗುಟುಕು ನೀರು. ಶ್ರಾವಣ ಮುಗಿದು ಗಣಪತಿ ಕೂತಾಗ ಪಾಯಸ ಮಾತ್ರ ಸಾಕೆಂದರು. ನವರಾತ್ರಿಯ ಹೊತ್ತಿಗೆ ಅಂಗಿಯ ಕಾಲರು ಕೊರಳಿಗಿಂತ ದೊಡ್ಡದಾಗಿತ್ತು. ಒಂದು ಸಂಜೆ ಚಹ ಕುಡಿಯುವಾಗ ಅದೂ ಇಳಿಯದೆ ಮೂಗಿನಿಂದ ಬಂತು. ಆಗ ಕಾಂಚನಬಾಯಿಗೆ ತಿಳಿಯಿತು. ಆ ಹನ್ನೊಂದು ವಾರಗಳಲ್ಲಿ ಅವರು ಲ್ಯಾಬಿನಲ್ಲಿ ಹದಿನಾಲ್ಕು ಜನರ ಅನ್ನನಾಳದ ಚೂರು ಕೊಯ್ದಿದ್ದರು. ನುಂಗಲು ಬಾರದವರು ಮೊದಲು ರೊಟ್ಟಿ ಬಿಡುತ್ತಾರೆ, ಆಮೇಲೆ ಅನ್ನ, ಆಮೇಲೆ ಚಹ. ಚೂರಿನ ಜೊತೆ ಲ್ಯಾಬಿಗೆ ಬರುವ ಪ್ರತಿ ಅರ್ಜಿಯ ಮೇಲೂ ಇದೇ ಬರೆದಿರುತ್ತದೆ.

ಗಡ್ಡೆ ಅನ್ನನಾಳದ ನಡುಭಾಗದಲ್ಲಿತ್ತು. ಇಪ್ಪತ್ತೆಂಟು ದಿನ ಕಿರಣ, ವಾರಕ್ಕೊಮ್ಮೆ ಕಿಮೊ. ಮಹಾಲಿಂಗಪ್ಪನವರಿಗೆ ಬೇಡವಾಗಿತ್ತು, ಕಾಂಚನಬಾಯಿ ಹಟ ಹಿಡಿದರು. ಕೊನೆಯ ವಾರ ತಮ್ಮ ಉಗುಳು ತಮಗೇ ಉರಿಯುತ್ತದೆಂದು ಅವರು ಟವೆಲು ಕಚ್ಚಿ ಕೂರುತ್ತಿದ್ದರು. ಗಡ್ಡೆ ಕರಗಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ತೀರಿಕೊಂಡರು. ಪದ್ಧತಿಯಂತೆ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿಗಟ್ಟಿ ತುಂಬಿ ರುದ್ರಭೂಮಿಯಲ್ಲಿ ಸಮಾಧಿ ಮಾಡಿದರು.

ಕಾಂಚನಬಾಯಿ ಹದಿಮೂರನೆಯ ದಿನ ಕೆಲಸಕ್ಕೆ ಮರಳಿದರು. ಅಂದಿನಿಂದ ಅವರಿಗೆ ಒಂದು ಅಭ್ಯಾಸ ಅಂಟಿತು, ಕೊರಳು ನೋಡುವುದು. ಬಸ್ಸಿನಲ್ಲಿ ಎದುರು ಕೂತವರು ನೀರು ಕುಡಿದರೆ, ಮದುವೆಯ ಪಂಕ್ತಿಯಲ್ಲಿ ಯಾರಾದರೂ ತುತ್ತೆತ್ತಿದರೆ, ಗಂಟಲಗುಳ್ಳೆ ಒಂದು ಸಲ ಏರಿ ಇಳಿಯುವವರೆಗೆ ಕಣ್ಣು ತೆಗೆಯುತ್ತಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದಲ್ಲಿ ಯಾರೋ ತುತ್ತಿಗೊಂದು ಗುಟುಕು ನೀರು ಕುಡಿದಂತೆ ಕೇಳಿಸುತ್ತಿತ್ತು. ಲೋಟ ಕೆಳಗಿಟ್ಟ ಸಪ್ಪಳವೂ.

ಆರು ವರ್ಷ ಹೀಗೇ ಹೋಯಿತು.

ಎರಡು ಸಾವಿರದ ಇಪ್ಪತ್ನಾಲ್ಕರಲ್ಲಿ ಲ್ಯಾಬಿನ ಡಾ. ತ್ರಿಶಲಾ ಹಳೆಯ ಬ್ಲಾಕುಗಳ ಮೇಲೆ ಒಂದು ಅಧ್ಯಯನ ಶುರುಮಾಡಿದರು. ಬುಧಗಾಂವದ ಜೈನರ ಮನೆಯವರು, ಅಜ್ಜಿಯಿಂದ ಕಲಿತ ಕನ್ನಡ. ಅನ್ನನಾಳದ ಕ್ಯಾನ್ಸರಿಗೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಔಷಧ, ಒಂದೇ ಪ್ರಮಾಣದ ಕಿರಣ. ಕೆಲವರ ಗಡ್ಡೆ ಕರಗುತ್ತದೆ, ಕೆಲವರದು ಅಲುಗುವುದಿಲ್ಲ. ಯಾರದು ಕರಗುವುದೆಂದು ಮೊದಲೇ ಹೇಳಬಲ್ಲ ಗುರುತು ಗಡ್ಡೆಯೊಳಗೇ ಇದೆಯೇ? ಔಷಧವೂ ಕಿರಣವೂ ಕ್ಯಾನ್ಸರ್ ಕೋಶದ ಡಿಎನ್‌ಎ ಎಳೆಯನ್ನು ಹರಿದು ಕೊಲ್ಲುತ್ತವೆ. ಕೆಲವು ಗಡ್ಡೆಗಳಲ್ಲಿ ಹರಿದದ್ದನ್ನು ಮತ್ತೆ ಹೊಲಿದುಬಿಡುವ ಒಂದು ಪ್ರೋಟೀನು ಹೆಚ್ಚಿರುತ್ತದೆ. ತಕ್ಕ ಬಣ್ಣ ಹಾಕಿದರೆ ಅಂಥ ಗಡ್ಡೆ ಸೂಕ್ಷ್ಮದರ್ಶಕದಡಿ ಕಂದಾಗಿ ಕಾಣುತ್ತದೆ, ಉಳಿದವು ನೀಲಿ. ಕಂದಾದವರು ಚಿಕಿತ್ಸೆಗೆ ಬಗ್ಗಲಿಲ್ಲವೇ, ನೀಲಿಯವರು ಬದುಕಿದರೇ ಎಂದು ಹಳಬರಲ್ಲಿ ನೋಡುವುದು ಅಧ್ಯಯನ. ಐವತ್ತೆಂಟು ಬ್ಲಾಕುಗಳನ್ನು ಆರಿಸಿದರು. ಹೆಸರು ತೆಗೆದು ನಂಬರು ಕೊಟ್ಟರು. ಮಹಾಲಿಂಗಪ್ಪ ಹದಿನೇಳು.

ರೋಗಿಗಳ ಮನೆಗೆ ಫೋನು ಮಾಡಿ, ಇದ್ದಾರೆಯೇ ಇಲ್ಲವೇ ಎಂದು ಕೇಳುವ ಕೆಲಸವೂ ಇತ್ತು. ಅಥಣಿ, ರಾಯಬಾಗ, ಜಮಖಂಡಿ ಕಡೆಯ ಇಪ್ಪತ್ಮೂರು ಕನ್ನಡದ ಮನೆಗಳು ಕಾಂಚನಬಾಯಿಯ ಪಾಲಿಗೆ ಬಂದವು. ಮಧ್ಯಾಹ್ನದ ಊಟವಾದ ಮೇಲೆ ಕಪಾಟುಗಳ ನಡುವೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಸತ್ತವರ ನಂಬರುಗಳು ಸತ್ತಿರುವುದಿಲ್ಲ ಎಂದು ಅವರಿಗೆ ಮೊದಲ ದಿನವೇ ಗೊತ್ತಾಯಿತು. ಒಂದು ಮನೆಯಲ್ಲಿ ಮೊಮ್ಮಗಳು ಎತ್ತಿಕೊಂಡು, "ಅಜ್ಜಿ ಇಲ್ರಿ, ಫೋನ ಐತಿ" ಅಂದಳು. ಇನ್ನೊಂದೆಡೆ ಒಬ್ಬ ಹೆಂಗಸು, "ಹೊಲಕ್ಕ ಹೋಗ್ಯಾರ್ರಿ" ಎಂದು ಹೇಳಿ, "ಅಲ್ಲೇ ಇಟ್ಟೇವ್ರಿ" ಎಂದು ಸೇರಿಸಿದರು.

ಹದಿನೇಳರ ಮುಂದೆ ಬರೆದಿದ್ದ ಫೋನ್ ನಂಬರು ಕಾಂಚನಬಾಯಿಯದೇ. ಅವರು ಆ ಹಾಳೆಯನ್ನೂ ತುಂಬಿದರು. ಕರೆ ಮಾಡಿದ ಸಮಯ: ಎರಡು ಗಂಟೆ ಹತ್ತು ನಿಮಿಷ. ಮಾತನಾಡಿದವರು: ಹೆಂಡತಿ. ರೋಗಿಯ ಸ್ಥಿತಿ: ಇಲ್ಲ.

ಡ್ರಾಯರಿನಿಂದ ಬ್ಲಾಕ್ ತೆಗೆದು ಬೆಳಕಿಗೆ ಹಿಡಿದಾಗ ಅದರಲ್ಲಿ ಉಳಿದದ್ದು ಎಳ್ಳಿನ ಸಿಪ್ಪೆಯಷ್ಟು. ಹಿಂದೆ ರೋಗ ಪತ್ತೆಗೆಂದು ಬಹಳ ಸಲ ಕೊಯ್ದಿದ್ದರು. ಯಂತ್ರಕ್ಕೆ ಹಾಕಿ ಮೈ ಸಮ ಮಾಡಿ ಎರಡು ಪೊರೆ ತೆಗೆದರೆ ಅದು ಮುಗಿಯುತ್ತದೆ. ಅವರು ಹೋಗಿ ಹೇಳಿದರು.

"ಬಿಡ್ರಿ ಕಾಂಚನಬಾಯಿ," ಅಂದರು ಡಾ. ತ್ರಿಶಲಾ. "ಒಂದ ಕಮ್ಮಿ ಆದ್ರ ಏನೂ ಆಗೂದಿಲ್ಲ. ನಿಮ್ಮ ಮನಿ ಮನಷ್ಯಾನ್ನ ನೀವ ಕೊಯ್ಯೂದೂ ಬ್ಯಾಡ."

"ಎರಡ ದಿನ ಬಿಟ್ಟ ಹೇಳತೇನಿ ಮ್ಯಾಡಮ್."

ಅವರಿಗೆ ಆ ಬಣ್ಣ ಬೇಕಾಗಿತ್ತು. ನೀಲಿ ಬಂದರೆ ಗಡ್ಡೆ ಕರಗಬೇಕಾದದ್ದು, ಕರಗದ್ದಕ್ಕೆ ತಾವು ಗಮನಿಸದೆ ಬಿಟ್ಟ ಹನ್ನೊಂದು ವಾರ ಕಾರಣ. ಕಂದು ಬಂದರೆ ಮೊದಲ ದಿನವೇ ಆಸ್ಪತ್ರೆಗೆ ಬಂದಿದ್ದರೂ ಅಷ್ಟೇ. ಹಾಗಾದರೆ ಇಪ್ಪತ್ತೆಂಟು ದಿನ ಸುಟ್ಟದ್ದು ವ್ಯರ್ಥ, ಆದರೆ ಶ್ರಾವಣದ ತಪ್ಪು ತಪ್ಪಲ್ಲ. ಎರಡರಲ್ಲಿ ಅವರು ಕಂದನ್ನು ಬೇಡಿಕೊಂಡರು. ಬೇಡಿಕೊಳ್ಳುವಾಗ ಏನು ಬೇಡುತ್ತಿದ್ದೇನೆಂದು ಗೊತ್ತಿತ್ತು.

ಮನೆಯಲ್ಲಿ ಮಾತು ಹೊರಬಿದ್ದದ್ದು ಮಗ ಶುಭಮನಿಂದ. ಕುಪವಾಡ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಲೇಥ್ ಮೇಲೆ ಕೆಲಸ ಅವನದು. ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ. ತಾಯಿ ಅಧ್ಯಯನದ ವಿಷಯ ಹೇಳಿದ್ದಕ್ಕೆ, ಪಪ್ಪಾನ ತುಕಡಾ ಇನ್ನೂ ಅಲ್ಲೇ ಇದೆಯೇನು ಎಂದು ಊಟದ ನಡುವೆ ಮರಾಠಿಯಲ್ಲಿ ಕೇಳಿಬಿಟ್ಟ. ಅಜ್ಜಿ ಇಂದುಬಾಯಿ ಗೋಡೆಗೊರಗಿ ಕೂತಿದ್ದರು. ಎಂಬತ್ತು ದಾಟಿತ್ತು. ಎರಡೂ ಕಣ್ಣಿಗೆ ಪೊರೆ, ಕಿವಿ ಚುರುಕು.

"ಯಾರ ತುಕಡಿ?" ಅಂದರು.

ಕಾಂಚನಬಾಯಿ ವಿವರಿಸಿದರು. ಎಲ್ಲರದೂ ಇಡುತ್ತಾರೆ, ಪದ್ಧತಿ, ಎಳ್ಳಿನಷ್ಟು ಐತ್ರಿ ಅತ್ತಿ, ಅಷ್ಟ.

"ಎಳ್ಳಿನಷ್ಟ ಆದ್ರ ಅದು ಅವ ಅಲ್ಲೇನ?" ಇಂದುಬಾಯಿ ಧ್ವನಿ ಏರಿಸಲಿಲ್ಲ. "ಪೂರಾ ಕೂಡಿಸಿ ಮಣ್ಣ ಕೊಟ್ಟೇವಿ ಅಂತ ಇಷ್ಟ ವರ್ಷ ತಿಳಕೊಂಡ ಕುಂತೇನಿ ನಾ. ಮಹಾಪೂರ ಬಂದಾಗ ಸಮಾಧಿ ಮ್ಯಾಲ ನೀರ ಏರಿ, ನನ ಮಗಾ ನೀರಾಗ ಕುಂತಾನ ಅಂತ ಅತ್ತೆ. ಅವಾಗೂ ಅವ ಅರ್ಧ ಮಿರಜಿನ್ಯಾಗ ಬೆಚ್ಚಗ ಇದ್ದ ಅನ್ನು."

ಶುಭಮ ನಗಬೇಕೋ ಬೇಡವೋ ತಿಳಿಯದೆ ತಾಟು ನೋಡಿದ.

"ನೀ ದಿನಾ ಅವನ ಮುಂದ ಹಾದ ಹೋಗತಿದ್ದಿ. ಒಂದ ಮಾತ ಹೇಳಲಿಲ್ಲ."

"ಏನಂತ ಹೇಳ್ಲಿ ಅತ್ತಿ?"

"ಹೌದಪ. ಅರಿಷಿಣಾ ಮುರದ ನೋಡೋ ಗಂಡ, ಗಂಡನ್ನ ಹೆರದ ನೋಡೋ ಹೆಣತಿ. ಚಲೋ ಜೋಡಿ ಕೂಡಿಸಿದ ನಿಮ್ಮಪ್ಪ." ಆಮೇಲೆ ಅವರು ನೀರು ಕೇಳಿದರು. ಕುಡಿದು ಲೋಟ ಕೆಳಗಿಟ್ಟು ಹೇಳಿದರು: "ತಂದ ಕೊಡು. ಅವನ ಕಡೆ ಇಟ್ಟ ಬರತೇನಿ. ನಾ ಹೋಗೂದ್ರಾಗ ಅವ ಪೂರಾ ಆಗಬೇಕ."

ಬ್ಲಾಕನ್ನು ಮನೆಯವರಿಗೆ ಕೊಡುವುದು ಕಷ್ಟವಲ್ಲ. ಮುಂಬಯಿಗೆ, ಪುಣೆಗೆ ಇನ್ನೊಬ್ಬ ಡಾಕ್ಟರರಿಗೆ ತೋರಿಸಲು ದಿನಕ್ಕೆ ಇಬ್ಬರಾದರೂ ಒಯ್ಯುತ್ತಾರೆ. ಒಂದು ರಿಜಿಸ್ಟರ್ ಇದೆ, ಸಹಿ ಮಾಡಿದರೆ ಆಯಿತು. ಕೊಯ್ಯದೆ ಕೊಟ್ಟರೆ ಬಣ್ಣ ಗೊತ್ತಾಗುವುದಿಲ್ಲ. ಕೊಯ್ದರೆ ಕೊಡಲು ಮೇಣ ಮಾತ್ರ ಉಳಿಯುತ್ತದೆ.

ಮೂರು ದಿನ ಅವರು ಬ್ಲಾಕನ್ನು ಮೇಜಿನ ಡ್ರಾಯರಿನಲ್ಲಿಟ್ಟುಕೊಂಡಿದ್ದರು. ನಾಲ್ಕನೆಯ ದಿನ, ಗುರುವಾರ ಬೆಳಿಗ್ಗೆ, ಬೇರೆ ಹನ್ನೆರಡು ಬ್ಲಾಕುಗಳ ಜೊತೆ ಅದನ್ನೂ ಮಂಜುಗಡ್ಡೆಯ ಮೇಲಿಟ್ಟರು. ಸರದಿ ಬಂದಾಗ ಮೇಣ ತೀರ ತಣ್ಣಗಾಗಿತ್ತು. ಬಾಯಿಯ ಹತ್ತಿರ ತಂದರು. ಎಷ್ಟೋ ಸಾವಿರ ಬ್ಲಾಕುಗಳಿಗೆ ಉಸಿರು ಕೊಟ್ಟ ಬಾಯಿಗೆ ಅಂದು ಉಸಿರು ಬಿಡಲು ತುಸು ಹೊತ್ತು ಹಿಡಿಯಿತು. ಕೊಟ್ಟರು. ಯಂತ್ರಕ್ಕೆ ಸಿಕ್ಕಿಸಿ ಚಕ್ರ ತಿರುಗಿಸಿದರು. ಎರಡು ಪೊರೆ ಸರಿಯಾಗಿ ಬಂದವು, ಎರಡು ಗಾಜುಗಳು. ಮೂರನೆಯದರಲ್ಲಿ ಬರೀ ಮೇಣ.

ಶನಿವಾರ ಬಣ್ಣ ಹಾಕಿದ್ದು ಒಣಗಿತು. ಗಾಜು ಓದುವುದು ಡಾಕ್ಟರರ ಕೆಲಸ, ಕೊಯ್ಯುವವರದಲ್ಲ, ಆದರೆ ಇಪ್ಪತ್ತು ವರ್ಷದ ಕಣ್ಣಿಗೆ ಓದಬೇಡ ಅನ್ನುವುದು ಹೇಗೆ? ಸೂಕ್ಷ್ಮದರ್ಶಕದಡಿ ಹದಿನೇಳು ಕಂದಾಗಿತ್ತು. ಅಂಚಿನಿಂದ ಅಂಚಿಗೆ, ಬೇಯಿಸಿ ಒಣಗಿಸಿದ ಅರಿಷಿಣದ ಹೊರಮೈಯಂಥ ಕಂದು. ಅಂದು ಮಧ್ಯಾಹ್ನ ಅವರು ಊಟದ ಡಬ್ಬಿ ಖಾಲಿ ಮಾಡಿದರು. ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗಲೂ ಪಕ್ಕದಲ್ಲಿ ಯಾರೂ ನೀರು ಗುಟುಕರಿಸಲಿಲ್ಲ.

ಸೋಮವಾರ ರಜೆ ಹಾಕಿ ಅತ್ತೆಯನ್ನು ಆಟೋದಲ್ಲಿ ರುದ್ರಭೂಮಿಗೆ ಕರೆದೊಯ್ದರು. ಶುಭಮ ಸಮಾಧಿಯ ಬದಿಯಲ್ಲಿ ಮೊಳದಷ್ಟು ಅಗೆದ. ಇಂದುಬಾಯಿ ಮೇಣದ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಮುಖದ ಹತ್ತಿರ ತಂದರು, ದೂರ ಹಿಡಿದರು.

"ಎಲ್ಲಿ ಐತಿ?"

ಕಾಂಚನಬಾಯಿ ಅತ್ತೆಯ ತೋರುಬೆರಳನ್ನು ಹಿಡಿದು ಮೇಣದ ನಡುವೆ ಒತ್ತಿದರು. "ಇಲ್ಲೆ ಐತ್ರಿ."

"ತಣ್ಣಗ ಅದಾನ," ಅಂದರು ಇಂದುಬಾಯಿ. ವಿಭೂತಿ ಹಚ್ಚಿ, ಪತ್ರಿಯ ಮೂರು ಎಲೆ ಇಟ್ಟು ತಾವೇ ಬಗ್ಗಿ ಕುಣಿಯಲ್ಲಿಟ್ಟರು. ಮಣ್ಣು ಮುಚ್ಚಿದ ಮೇಲೆ ಸೊಸೆಯ ಭುಜ ಹಿಡಿದು ಎದ್ದು ಕೇಳಿದರು: "ಪೂರಾ ಆತಲ್ಲ?"

"ಆತ್ರಿ."

ಮರಳುವಾಗ ಆಟೋದಲ್ಲಿ ಇಂದುಬಾಯಿ ನಿದ್ದೆ ಹೋದರು.

ಫೋನಿನ ಪಟ್ಟಿಯಲ್ಲಿ ಒಬ್ಬರು ಇನ್ನೂ ಸಿಕ್ಕಿರಲಿಲ್ಲ. ಮೂವತ್ತೊಂದನೆಯ ನಂಬರಿನ ಜ್ಯೋತೆಪ್ಪ, ಕಾಗವಾಡದ ಹತ್ತಿರದ ಊರಿನವರು. ಮಹಾಲಿಂಗಪ್ಪನವರಷ್ಟೇ ವಯಸ್ಸು, ಅದೇ ವರ್ಷದ ಚಿಕಿತ್ಸೆ, ಗಡ್ಡೆ ಅದೇ ಜಾಗದಲ್ಲಿ. ಬಣ್ಣ ಅದೇ ಕಂದು, ನೋಡಿದರೆ ಇನ್ನೂ ಗಾಢ. ಕಾಂಚನಬಾಯಿ ಮನಸ್ಸಿನಲ್ಲಿ ಆ ಹಾಳೆಯನ್ನು ತುಂಬಿ ಆಗಿತ್ತು. ಮೂರನೆಯ ಸಲ ಫೋನು ಹಚ್ಚಿದಾಗ ಗಂಡು ಧ್ವನಿ ಎತ್ತಿಕೊಂಡಿತು. ಹಿಂದೆ ಮೋಟರಿನ ಸದ್ದು.

"ಮಿರಜ ದವಾಖಾನಿಯಿಂದ ಮಾತಾಡಾಕತ್ತೇನ್ರಿ. ಜ್ಯೋತೆಪ್ಪನವರ ಮನಿಯವರು ಯಾರರ ಅದಾರೇನ್ರಿ?"

"ಮನಿಯವರ ಯಾಕ್ರಿ? ನಾನ ಮಾತಾಡಾಕತ್ತೇನಿ."

ಕಾಂಚನಬಾಯಿ ಹಾಳೆಯ ಮೇಲಿಂದ ಪೆನ್ನು ಎತ್ತಿದರು.

"ಸತ್ತಾನೇನ ಅಂತ ಕೇಳಾಕ ಹಚ್ಚಿದ್ರೇನ?" ಆ ಕಡೆಯವರು ನಕ್ಕರು. "ಇದ್ದೇನಿ ಅಂತ ಬರಕೋರಿ. ಮೋಟಾರ ರಿಪೇರಿ ಅಂಗಡಿ ಐತಿ, ಕುಂತೇನಿ. ಯಾಕ ಬಾಯಿ, ಮಾತ ಹೊಂಡವಲ್ವು?"

"ಊಟ ಹೋಗತೈತೇನ್ರಿ?"

"ಖಾರ ಒಂದ ಬಿಟ್ಟೇನಿ. ರೊಟ್ಟಿ ತಿಂತೇನಿ."

ಚಿಕಿತ್ಸೆಗೆ ಬರುವ ಮೊದಲು ಎಷ್ಟು ದಿನದಿಂದ ತೊಂದರೆಯಿತ್ತು ಎಂಬ ಪ್ರಶ್ನೆ ಹಾಳೆಯಲ್ಲಿತ್ತು. ಅದನ್ನು ಕೇಳಿದರು.

"ಐದ ತಿಂಗಳಾ. ಗಾವಟಿ ಗಿಡಮೂಲಿಕಿ ಔಷಧಾ ಕುಡಕೋತ ಕುಂತಿದ್ನಿ. ನನ ಹೆಣತಿ ದಿನಾ ಬೈತಿದ್ಲು. ಈಗೂ ಬೈತಾಳು, ಆದ್ರ ಈಗ ಬ್ಯಾರೆ ಕಾರಣಾ."

ಕಾಂಚನಬಾಯಿ ಬರೆದುಕೊಂಡರು. ಐದು ತಿಂಗಳು. ಕಂದು. ಇದ್ದಾರೆ.

ಆ ಸಂಜೆ ಡಾ. ತ್ರಿಶಲಾ ಮೊದಲ ಫಲಿತಾಂಶ ತೋರಿಸಿದರು. ಕಂದು ಬಂದ ಇಪ್ಪತ್ತಾರು ಜನರಲ್ಲಿ ಏಳು ಮಂದಿ ಇದ್ದಾರೆ. ನೀಲಿಯ ಮೂವತ್ತೆರಡರಲ್ಲಿ ಹತ್ತೊಂಬತ್ತು. ಗುರುತಿನಲ್ಲಿ ಏನೋ ಇದೆ, ದೊಡ್ಡ ಅಧ್ಯಯನ ಬೇಕು ಎಂದರು. ಕಾಂಚನಬಾಯಿ ಕೇಳಿದ್ದು ಬೇರೆ.

"ಕಂದ ಇದ್ರೂ ಏಳ ಮಂದಿ ಹೆಂಗ ಉಳದ್ರು ಮ್ಯಾಡಮ್?"

"ಗೊತ್ತಿಲ್ಲ. ಇದು ಗುಂಪಿನ ಮಾತು ಕಾಂಚನಬಾಯಿ. ಒಬ್ಬ ಮನಷ್ಯಾ ಯಾಕ ಹೋದ, ಯಾಕ ಉಳದ ಅಂತ ಇದು ಹೇಳೂದಿಲ್ಲ." ಆಮೇಲೆ ಕೆಳದನಿಯಲ್ಲಿ, "ಹದಿನೇಳ ನೀವ ಕೊಯ್ಯಬಾರದಿತ್ತು" ಅಂದರು.

ಅಂದು ಮನೆಗೆ ಬಂದು ಊಟಕ್ಕೆ ಕೂತಾಗ ಲೋಟದ ಸಪ್ಪಳ ಮತ್ತೆ ಕೇಳಿಸಿತು. ಮೊದಲಿಗಿಂತ ಹತ್ತಿರದಲ್ಲಿ. ಎದುರಿಗೆ ಇಂದುಬಾಯಿ ಪೂರ್ಣ ಸಮಾಧಾನದಿಂದ ಅನ್ನ ಕಲಸುತ್ತಿದ್ದರು. ಈಚೆಗೆ ಅವರ ಊಟ ಹೆಚ್ಚಿತ್ತು.

ಅತ್ತೆಗೆ ಅವರು ಹೇಳಲಿಲ್ಲ. ಒಂದು ವರ್ಷ ಪ್ರತಿ ಸೋಮವಾರ ಇಬ್ಬರೂ ರುದ್ರಭೂಮಿಗೆ ಹೋದರು. ಇಂದುಬಾಯಿ ಪ್ರತಿ ಸಲವೂ ಆ ಬದಿಯನ್ನು, ಮೇಣವಿಟ್ಟ ಜಾಗವನ್ನು, ಸೆರಗಿನಿಂದ ಒರೆಸುತ್ತಿದ್ದರು. ಕಳೆದ ಮಾರ್ಗಶಿರದಲ್ಲಿ ಎರಡು ದಿನದ ಜ್ವರಕ್ಕೆ ತೀರಿಕೊಂಡರು. ಮಗನ ಪಕ್ಕದಲ್ಲೇ ಜಾಗ ಸಿಕ್ಕಿತು.

ಆ ಮುಂಜಾನೆ, ಮನೆಯಲ್ಲಿ ಅತ್ತೆಯನ್ನು ಕೂರಿಸಿ ಜನ ಸೇರುತ್ತಿರುವಾಗ, ಕಾಂಚನಬಾಯಿ ಆಟೋ ಹಿಡಿದು ಮಿರಜಿಗೆ ಹೋದರು. ಅಧ್ಯಯನದ ಗಾಜುಗಳಿದ್ದ ಕಪಾಟು ತೆಗೆದು ಹದಿನೇಳರ ಎರಡನ್ನೂ ಎತ್ತಿಕೊಂಡರು. ರಿಜಿಸ್ಟರಿನಲ್ಲಿ ಆ ದಿನದ ತಾರೀಖಿನ ಮುಂದೆ ಕೊಟ್ಟವರು ಎಂಬಲ್ಲಿ ಅವರ ಸಹಿ ಇದೆ, ಪಡೆದವರು ಎಂಬಲ್ಲಿಯೂ ಅದೇ ಸಹಿ. ಸಂಬಂಧ ಎಂಬ ಕಾಲಮ್ಮಿನಲ್ಲಿ ಹೆಂಡತಿ. ಡಾ. ತ್ರಿಶಲಾ ಅದರ ಕೆಳಗೆ ಮರುದಿನ ತಮ್ಮ ಸಹಿ ಹಾಕಿದರು.

ರುದ್ರಭೂಮಿಯಲ್ಲಿ ಇಂದುಬಾಯಿಯವರನ್ನು ಕೂರಿಸಿ, ಕ್ರಿಯೆ ಮಾಡಿಸುವ ಅಯ್ಯನವರು ವಿಭೂತಿಗಟ್ಟಿ ಇಡುತ್ತಿದ್ದಾಗ ಕಾಂಚನಬಾಯಿ ಬಗ್ಗಿ ಕರವಸ್ತ್ರದ ಗಂಟೊಂದನ್ನು ಅತ್ತೆಯ ಮಡಿಲಿಗೆ ಸೇರಿಸಿದರು. ಅದೇನೆಂದು ಅಯ್ಯನವರು ಕೇಳಿದರು.

"ಅವರ ಮಗಂದು," ಅಂದರು.

ಡಾ. ತ್ರಿಶಲಾ ಅವರ ಕಂಪ್ಯೂಟರಿನಲ್ಲಿ ಹದಿನೇಳರ ಚಿತ್ರ ಉಳಿದಿದೆ. ಅಂಚಿನಿಂದ ಅಂಚಿಗೆ ಕಂದು. ಅದನ್ನು ಅಳಿಸುವಂತಿಲ್ಲ.

ಅಧ್ಯಯನ ಮುಗಿದಿದೆ. ಯಾರಿಗೂ ಫೋನು ಮಾಡಬೇಕಾದ್ದಿಲ್ಲ. ಆದರೂ ತಿಂಗಳ ಮೊದಲ ಶುಕ್ರವಾರ, ಮಧ್ಯಾಹ್ನದ ಊಟವಾದ ಮೇಲೆ, ಕಾಂಚನಬಾಯಿ ಕಪಾಟುಗಳ ನಡುವೆ ಸ್ಟೂಲು ಹಾಕಿಕೊಂಡು ಕಾಗವಾಡದ ಕಡೆಯ ಒಂದು ನಂಬರು ಒತ್ತುತ್ತಾರೆ. ದವಾಖಾನೆಯವರ ಕಾಳಜಿ ದೊಡ್ಡದು ಎಂದು ಜ್ಯೋತೆಪ್ಪ ಊರವರಿಗೆಲ್ಲ ಹೇಳಿಕೊಂಡಿದ್ದಾರೆ.

"ಇದ್ದೇನ್ರಿ ಬಾಯಿ," ಎಂದರು ಕಳೆದ ಶುಕ್ರವಾರ, ಎತ್ತಿಕೊಂಡ ಕೂಡಲೇ.

"ನುಂಗಾಕ ಬರತೈತೇನ್ರಿ?"

"ಬರತೈತಿ. ಚಾ ಬಂದೈತಿ ನೋಡ್ರಿ ಈಗ. ತಡೀರಿ, ಕುಡದ ಹೇಳತೇನಿ."

ಕಾಂಚನಬಾಯಿ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡರು. ಆ ಕಡೆ ಬಸಿಯ ಮೇಲೆ ಚಹದ ಕಪ್ ತಾಗಿದ ಸಪ್ಪಳ, ಆಮೇಲೆ ಒಂದು ಗುಟುಕು. ಇಳಿಯಿತು. ಅವರು ಎರಡನೆಯದಕ್ಕೆ ಕಾದರು.